70 ಸಾವಿರ ತವರದ ಸೈನಿಕರು: ವಾಟರ್ಲೂ ಮಾಡೆಲ್ ಕಟ್ಟಿ ಸಾಲಗಾರನಾದವನ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಒಂದು ವಿಚಿತ್ರ ಪ್ರಶ್ನೆಯಿಂದ ಶುರು ಮಾಡೋಣ. ಮೇಜಿನ ಮೇಲೆ ಜೋಡಿಸಿಟ್ಟ ಪುಟಾಣಿ ಗೊಂಬೆಗಳನ್ನ ನೋಡಿ, ಒಂದು ದೇಶದ ಅತಿ ದೊಡ್ಡ ಸೇನಾಪತಿಯ ಕಡೆಯವರಿಗೆ ಇರಿಸುಮುರಿಸು ಆಗೋಕೆ ಸಾಧ್ಯಾನಾ? ಆಗಿದೆ. ಗೊಂಬೆ ಚೆನ್ನಾಗಿಲ್ಲ ಅಂತಲ್ಲ. ಗೊಂಬೆ ತೀರಾ ಸರಿಯಾಗಿ ಇಟ್ಟಿದ್ದಾನೆ ಅನ್ನೋದೇ ತಕರಾರು.

ಸೇನಾಪತಿ ಅಂದ್ರೆ ಡ್ಯೂಕ್ ಆಫ್ ವೆಲಿಂಗ್ಟನ್, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ನಮಗೆ ಈ ಮನುಷ್ಯ ಹೊಸಬನೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವನೇ. ಆ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ. ಗೊಂಬೆ ಇಟ್ಟವನ ಹೆಸರು ವಿಲಿಯಂ ಸೈಬೋರ್ನ್, ಬ್ರಿಟಿಷ್ ಸೈನ್ಯದ ಒಬ್ಬ ಮಾಮೂಲಿ ಲೆಫ್ಟಿನೆಂಟ್.

ಕಿಟ್ ಇಲ್ಲ, ಸೂಚನೆ ಹಾಳೆಯೂ ಇಲ್ಲ

ಸ್ಕೇಲ್ ಮಾಡೆಲಿಂಗ್ ಹವ್ಯಾಸ ಇರೋರು ನಿಮ್ಮಲ್ಲಿ ಕೆಲವರಾದ್ರೂ ಇರ್ತೀರಿ. ಗೊತ್ತಿಲ್ಲದೋರಿಗೆ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಅಂಗಡಿಯಿಂದ ಟ್ಯಾಂಕೋ ವಿಮಾನವೋ ಇರೋ ಬಾಕ್ಸ್ ತಂದು, ಅದರಲ್ಲಿರೋ ಪ್ಲಾಸ್ಟಿಕ್ ಭಾಗಗಳನ್ನ ಅಂಟಿಸಿ ಬಣ್ಣ ಹಚ್ಚೋದು ಕಿಟ್ ಮಾಡೆಲಿಂಗ್. ಬಾಕ್ಸೇ ಇಲ್ಲದೆ ಮರ, ತಂತಿ, ಪ್ಲಾಸ್ಟರ್, ರಟ್ಟು, ಕೈಗೆ ಸಿಕ್ಕಿದ್ದರಿಂದ ಎಲ್ಲವನ್ನೂ ಅಳತೆ ಹಿಡಿದು ನಾವೇ ಮಾಡಿಕೊಳ್ಳೋದು ಸ್ಕ್ರ್ಯಾಚ್ ಬಿಲ್ಡಿಂಗ್. ಹಾಗೆ ಮಾಡಿದ್ದನ್ನ ಒಂದು ಘಟನೆಯ ದೃಶ್ಯವಾಗಿ, ನೆಲ, ಗಿಡ, ಮನೆ, ಜನರ ಜತೆ ಜೋಡಿಸಿಟ್ಟರೆ ಅದು ಡಯೋರಮಾ. ನಮ್ಮ ಮನೆಗಳಲ್ಲಿ ದಸರಾಗೆ ಗೊಂಬೆ ಕೂರಿಸ್ತಾರಲ್ಲ, ಮೆಟ್ಟಿಲ ಪಕ್ಕದಲ್ಲಿ ಮಣ್ಣು ಹಾಕಿ ರಾಗಿ ಪೈರು ಬೆಳೆಸಿ ಪಾರ್ಕು, ಝೂ, ಹಳ್ಳಿ ಅಂತ ಮಾಡ್ತಾರಲ್ಲ, ಹೆಚ್ಚೂಕಮ್ಮಿ ಅದೇ. ಆದ್ರೆ ದಸರಾ ಹಳ್ಳಿಯಲ್ಲಿ ಬಾವಿಗಿಂತ ಹಸು ದೊಡ್ಡದಿದ್ರೂ ಯಾರೂ ಕೇಳಲ್ಲ. ಸ್ಕೇಲ್ ಮಾಡೆಲ್‌ನಲ್ಲಿ ಕೇಳ್ತಾರೆ.

ಸೈಬೋರ್ನ್ ಹುಟ್ಟಿದ್ದು 1797ರಲ್ಲಿ. ವಾಟರ್ಲೂ ಯುದ್ಧದಲ್ಲಿ ಅವನು ಇರಲಿಲ್ಲ, ಯುದ್ಧ ಮುಗಿದ ಮೇಲೆ ಫ್ರಾನ್ಸ್‌ಗೆ ಹೋದ ಪಡೆಯಲ್ಲಿದ್ದ. ಅವನ ನಿಜವಾದ ಬಲ ಇದ್ದದ್ದು ಭೂಮಾಪನದಲ್ಲಿ. ನೆಲ ಅಳೆದು ನಕ್ಷೆ ಬರೆಯೋದು ಹೇಗೆ ಅಂತ 1822ರಲ್ಲಿ ಒಂದು, 1827ರಲ್ಲಿ ಇನ್ನೊಂದು ಪುಸ್ತಕ ಬರೆದಿದ್ದ. 1830ರಲ್ಲಿ ಬ್ರಿಟಿಷ್ ಸೈನ್ಯದ ಮುಖ್ಯಸ್ಥ ಲಾರ್ಡ್ ಹಿಲ್, ವಾಟರ್ಲೂ ರಣರಂಗದ ಒಂದು ಮಾಡೆಲ್ ಮಾಡು ಅಂತ ಅವನಿಗೆ ಹೇಳಿದ. ಹಿಲ್ ಸ್ವತಃ ವಾಟರ್ಲೂನಲ್ಲಿ ಕಾದಾಡಿದವನು.

ಬೇರೆ ಯಾರಾದ್ರೂ ಆಗಿದ್ರೆ ಇದ್ದ ನಕ್ಷೆ ನೋಡ್ಕೊಂಡು ಕೆಲಸ ಮುಗಿಸ್ತಿದ್ರು. ಸೈಬೋರ್ನ್ ಬೆಲ್ಜಿಯಂಗೆ ಹೋಗಿ, ರಣರಂಗದ ನಟ್ಟನಡುವೆ ಇರೋ ಲಾ ಹೇ ಸಾಂತ್ ಅನ್ನೋ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದ. ಯುದ್ಧದ ದಿನ ಇದೇ ಮನೆಯನ್ನ ಸುಮಾರು 400 ಜರ್ಮನ್ ಸೈನಿಕರು ಕಾಯ್ತಿದ್ರು, ಗುಂಡು ಖಾಲಿಯಾಗಿ ಕೊನೆಗೆ ಕೈಬಿಟ್ರು. ಆ ಮನೆಯಲ್ಲೇ ಮಲಗಿ ಎದ್ದು, ದಿನಾ ಅಳತೆ ಸಾಮಾನು ಹೊತ್ತು ಸುತ್ತಿನ ದಿಬ್ಬ, ತಗ್ಗು, ಬೇಲಿ, ದಾರಿ ಎಲ್ಲವನ್ನೂ ಅಳೆದ.

ಅಲ್ಲಿ ಒಂದು ತೊಂದರೆ ಇತ್ತು. ಯುದ್ಧದ ನೆನಪಿಗೆ ಅಂತ 1820ರ ದಶಕದಲ್ಲಿ ನೆದರ್ಲೆಂಡ್ಸ್ ದೊರೆ ಅಲ್ಲಿ 40 ಮೀಟರ್‌ಗಿಂತ ಎತ್ತರದ ಮಣ್ಣಿನ ಗುಡ್ಡ ಎಬ್ಬಿಸಿ, ತುದಿಯಲ್ಲಿ ಸಿಂಹ ಕೂರಿಸಿದ್ದ. ಆ ಗುಡ್ಡಕ್ಕೆ ಮಣ್ಣು ಎಲ್ಲಿಂದ ತಂದ್ರು ಗೊತ್ತಾ? ವೆಲಿಂಗ್ಟನ್ ಸೈನ್ಯ ನಿಂತಿದ್ದ ದಿಬ್ಬವನ್ನೇ ಕೆರೆದು. ಸ್ಮಾರಕ ಕಟ್ಟೋಕೆ ಹೋಗಿ ಸ್ಮರಿಸಬೇಕಾದ ಜಾಗವನ್ನೇ ಅಗೆದುಬಿಟ್ಟಿದ್ರು. ಹಾಗಾಗಿ ಸೈಬೋರ್ನ್ ಕಣ್ಣಿಗೆ ಕಾಣೋ ನೆಲವನ್ನಷ್ಟೇ ಅಳೆದರೆ ಸಾಲ್ತಿರಲಿಲ್ಲ, ಇಲ್ಲದೇ ಹೋದ ನೆಲವನ್ನೂ ಅಂದಾಜು ಹಾಕಬೇಕಿತ್ತು.

1830ರ ದಶಕದ ಗೂಗಲ್ ಫಾರ್ಮ್

ನೆಲ ಸಿಕ್ತು. ಆದ್ರೆ ನೆಲದ ಮೇಲೆ ಯಾರನ್ನ ಎಲ್ಲಿ ನಿಲ್ಲಿಸೋದು?

ಯುದ್ಧ ಒಂದು ಇಡೀ ದಿನ ನಡೆದಿದೆ, ಮಾಡೆಲ್‌ನಲ್ಲಿ ತೋರಿಸೋಕೆ ಆಗೋದು ಒಂದೇ ಗಳಿಗೆ. ಸೈಬೋರ್ನ್ ಆರಿಸಿಕೊಂಡದ್ದು 1815ರ ಜೂನ್ 18ರ ಸಂಜೆ ಸುಮಾರು 7 ಗಂಟೆ. ಅದು ನೆಪೋಲಿಯನ್ ತನ್ನ ಕೊನೆಯ ಬಲವಾದ ಇಂಪೀರಿಯಲ್ ಗಾರ್ಡ್ ಪಡೆಯನ್ನ ದಿಬ್ಬದ ಮೇಲೆ ನುಗ್ಗಿಸಿದ ಹೊತ್ತು. ಆ ದಾಳಿ ಮುರಿದುಬಿತ್ತು, ಯುದ್ಧ ಮುಗೀತು.

ಆಮೇಲೆ ಅವನು ಮಾಡಿದ್ದು ಆ ಕಾಲಕ್ಕೆ ದೊಡ್ಡ ಹೊಸ ಕೆಲಸ. ವಾಟರ್ಲೂನಲ್ಲಿದ್ದು ಇನ್ನೂ ಬದುಕಿದ್ದ ಬ್ರಿಟಿಷ್ ಕಡೆಯ ಅಧಿಕಾರಿಗಳಿಗೆಲ್ಲ ಸುತ್ತೋಲೆ ಕಳಿಸಿದ. ಆ ಹೊತ್ತಲ್ಲಿ ನಿಮ್ಮ ತುಕಡಿ ಎಲ್ಲಿತ್ತು? ಯಾವ ಆಕಾರದಲ್ಲಿ ನಿಂತಿತ್ತು? ನಿಮ್ಮ ಎದುರಿಗಿದ್ದ ಶತ್ರು ಹೇಗೆ ನಿಂತಿದ್ದ? ನಿಮ್ಮ ಕಾಲ ಕೆಳಗಿದ್ದ ಬೆಳೆ ಯಾವುದು? ಹೌದು, ಬೆಳೆಯನ್ನೂ ಕೇಳಿದ. ಹೊಲದಲ್ಲಿ ರೈ ಇತ್ತಾ, ಬೇರೆ ಏನಾದ್ರೂ ಇತ್ತಾ ಅನ್ನೋದು ಗೊತ್ತಿಲ್ಲದೆ ನೆಲಕ್ಕೆ ಯಾವ ಬಣ್ಣ ಹಚ್ಚೋದು?

ಒಂದು ದೊಡ್ಡ ಗೂಗಲ್ ಫಾರ್ಮ್ ಕಳಿಸಿದ ಹಾಗೆ ಅನ್ನಿ. ನೂರಾರು ಉತ್ತರ ಬಂದವು. ಬರ್ಲಿನ್‌ನಲ್ಲಿದ್ದ ಪ್ರಷ್ಯನ್ ಸೇನೆಯ ಕಚೇರಿಯಿಂದಲೂ ಮಾಹಿತಿ ತರಿಸಿಕೊಂಡ. ಪ್ರಷ್ಯಾ ಅಂದ್ರೆ ಆಗಿನ ಜರ್ಮನ್ ರಾಜ್ಯಗಳಲ್ಲಿ ದೊಡ್ಡದು, ವೆಲಿಂಗ್ಟನ್‌ನ ಮಿತ್ರಪಕ್ಷ.

ಉತ್ತರಗಳು ಒಂದಕ್ಕೊಂದು ಹೊಂದಿಕೊಂಡ್ವಾ? ಎಲ್ಲಿಂದ! ಯುದ್ಧ ಮುಗಿದು ಹತ್ತಿರ ಹತ್ತಿರ 20 ವರ್ಷ ಆಗಿತ್ತು. ಆವತ್ತು ಹೊಗೆಯಲ್ಲಿ ಪಕ್ಕದ ತುಕಡಿಯೇ ಕಾಣ್ತಿರಲಿಲ್ಲ. ಇಂಪೀರಿಯಲ್ ಗಾರ್ಡನ್ನ ಓಡಿಸಿದ್ದು ನಾವೇ ಅಂತ ಫುಟ್ ಗಾರ್ಡ್ಸ್ ಕಡೆಯವರು ಹೇಳೋರು. ಇಲ್ಲ, ಪಕ್ಕದಿಂದ ತಿರುಗಿ ಬಂದು ಹೊಡೆದದ್ದು ನಾವು ಅಂತ 52ನೇ ರೆಜಿಮೆಂಟಿನವರು ಹೇಳೋರು. ಈ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಯುದ್ಧದ ಇತಿಹಾಸ ಬರೀತೀನಿ ಅಂತ ಬಂದವರಿಗೆ ವೆಲಿಂಗ್ಟನ್ ಒಂದು ಹೋಲಿಕೆ ಕೊಟ್ಟು ತಡೆದಿದ್ದ. ಯುದ್ಧದ ಕಥೆ ಬರೆಯೋದು ಒಂದು ನೃತ್ಯಕೂಟದ ಕಥೆ ಬರೆದ ಹಾಗೆ, ಏನೇನಾಯ್ತು ಅಂತ ಅಲ್ಲಲ್ಲಿ ನೆನಪಿರುತ್ತೆ, ಆದ್ರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಯಾರಿಗೂ ಖಚಿತ ಇರಲ್ಲ ಅನ್ನೋದು ಅವನ ಅಭಿಪ್ರಾಯ. ನಮ್ಮಲ್ಲಾದ್ರೆ ಮದುವೆ ಮನೆ ಅಂತ ಇಟ್ಕೊಳ್ಳಿ. ಧಾರೆ ಹೊತ್ತಲ್ಲಿ ಮಾವ ಎಲ್ಲಿ ನಿಂತಿದ್ರು ಅಂತ 20 ವರ್ಷ ಬಿಟ್ಟು ಕೇಳಿದ್ರೆ ಹತ್ತು ಜನ ಹತ್ತು ಜಾಗ ತೋರಿಸ್ತಾರೆ.

ವೆಲಿಂಗ್ಟನ್ ಹೇಳಿದ್ದರಲ್ಲಿ ನಿಜ ಇದೆ. ಆದ್ರೆ ಮಾಡೆಲ್ ಕಟ್ಟೋನಿಗೆ ಆ ಮಾತು ಹೇಳಿ ಜಾರಿಕೊಳ್ಳೋಕೆ ಆಗಲ್ಲ. ಪುಸ್ತಕ ಬರೆಯೋನು ‘ಸಂಜೆಯ ವೇಳೆಗೆ ಮಿತ್ರಪಡೆ ಬಂದು ಸೇರಿಕೊಂಡಿತು’ ಅಂತ ಒಂದು ಸಾಲು ಬರೆದು ಮುಂದೆ ಹೋಗಬಹುದು. ಎಷ್ಟು ಜನ, ಎಷ್ಟು ಗಂಟೆಗೆ, ಎಲ್ಲಿವರೆಗೆ ಅಂತ ಹೇಳದೇ ಬಿಡಬಹುದು. ಮಾಡೆಲ್ ಕಟ್ಟೋನ ಕೈಯಲ್ಲಿ ಗೊಂಬೆ ಇದೆ. ಅದನ್ನ ಎಲ್ಲೋ ಒಂದು ಕಡೆ ಇಡಲೇಬೇಕು, ಇಲ್ಲಾಂದ್ರೆ ಇಡದೇ ಬಿಡಬೇಕು. ಸೈಬೋರ್ನ್ ಬದುಕಲ್ಲಿ ಆದ ಎಲ್ಲ ಎಡವಟ್ಟಿಗೂ ಮೂಲ ಇದೇ.

146 ದಿನ ಬರೀ ಬಣ್ಣಕ್ಕೆ

ಈಗ ಮಾಡೆಲ್ ಗಾತ್ರ ನೋಡೋಣ. 1 ಮೈಲಿಗೆ 9 ಅಡಿ ಲೆಕ್ಕ. ಅಂದ್ರೆ ನಿಜವಾದ ರಣರಂಗಕ್ಕಿಂತ ಸುಮಾರು 590 ಪಟ್ಟು ಚಿಕ್ಕದು. ಉದ್ದ ಅಗಲ ಎರಡೂ 18 ಅಡಿಗಿಂತ ಹೆಚ್ಚು. ಬೆಂಗಳೂರಲ್ಲಿ ಒಂದು ಸಣ್ಣ ಒನ್ ಬಿಎಚ್‌ಕೆ ಮನೆ ಎಷ್ಟಿರುತ್ತೋ ಹತ್ತಿರ ಹತ್ತಿರ ಅಷ್ಟು ಜಾಗ. ಒಂದೇ ತುಂಡಾಗಿ ಇಟ್ರೆ ಬಾಗಿಲು ದಾಟಲ್ಲ, ಹಾಗಾಗಿ ಬಿಡಿ ಬಿಡಿ ಭಾಗಗಳಾಗಿ ಮಾಡಿ ಜೋಡಿಸೋ ಹಾಗೆ ಕಟ್ಟಿದ.

ಅದರ ಮೇಲೆ ತವರ ಮತ್ತು ಸೀಸ ಬೆರೆಸಿ ಎರಕ ಹೊಯ್ದ ಸುಮಾರು 70,000 ಗೊಂಬೆಗಳು. ಲೆಕ್ಕದ ಪ್ರಕಾರ ಹೋದ್ರೆ ಒಬ್ಬ ಮನುಷ್ಯ 3 ಮಿಲಿಮೀಟರ್, ಅಂದ್ರೆ ಅರ್ಧ ಅಕ್ಕಿಕಾಳು. ಅಷ್ಟು ಚಿಕ್ಕದಾದ್ರೆ ಟೋಪಿ ಯಾವುದು, ಬಂದೂಕು ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಗೊಂಬೆಗಳನ್ನ ಲೆಕ್ಕಕ್ಕಿಂತ ದೊಡ್ಡದಾಗೇ ಮಾಡಿಸಿದ.

ನಾನು ಬಿ.ಕಾಂ. ಓದಿದೋನು, ಎಲ್ಲಿ ಹೋದ್ರೂ ಕ್ಯಾಲ್ಕುಲೇಟರ್ ತೆಗೀತೀನಿ. ಒಂದು ಗೊಂಬೆಗೆ ಬಣ್ಣ ಹಚ್ಚೋಕೆ ಬರೀ ಒಂದು ನಿಮಿಷ ಅಂತ ಇಟ್ಕೊಳ್ಳಿ. 70,000 ನಿಮಿಷ ಅಂದ್ರೆ ಸುಮಾರು 1,167 ಗಂಟೆ. ದಿನಕ್ಕೆ 8 ಗಂಟೆ, ಭಾನುವಾರವೂ ರಜಾ ಇಲ್ಲ ಅಂದ್ರೂ 146 ದಿನ. ಇದು ಬರೀ ಬಣ್ಣದ ಲೆಕ್ಕ. ಎರಕ, ನೆಲ, ಮರ, ಮನೆ, ಬೇಲಿ ಎಲ್ಲ ಬೇರೆ. ಇಷ್ಟೂ ನಡೆದದ್ದು ಡಬ್ಲಿನ್‌ನಲ್ಲಿ, ಅವನು ಸೈನ್ಯದ ಕಚೇರಿಯಲ್ಲಿ ಕೆಲಸ ಮಾಡಿಕೊಂಡೇ.

ದುಡ್ಡು? ಮೊದಲಲ್ಲಿ ಸರ್ಕಾರ ಸ್ವಲ್ಪ ಕೊಡ್ತು. ಅಷ್ಟರಲ್ಲಿ ಸರ್ಕಾರ ಬದಲಾಯ್ತು, 1833ರಲ್ಲಿ ಇನ್ನು ಕೊಡಲ್ಲ ಅಂತ ಕೈ ಎತ್ತಿಬಿಡ್ತು. ಹವ್ಯಾಸಿಗಳಿಗೆ ಗೊತ್ತಿರುತ್ತೆ ಈ ಘಟ್ಟ. ಅರ್ಧ ಕಟ್ಟಿದ ಮಾಡೆಲ್ ಮನೆ ತುಂಬ ಹರಡಿದೆ, ಬಿಡೋಕೂ ಆಗಲ್ಲ, ಮುಗಿಸೋಕೂ ಆಗಲ್ಲ. ಸೈಬೋರ್ನ್ ಬಿಡಲಿಲ್ಲ. ತನ್ನ ಕೈಯಿಂದ ಹಾಕಿದ, ಸಾಲ ತಂದ. ಒಟ್ಟು ಖರ್ಚು ಸುಮಾರು 3,000 ಪೌಂಡ್ ಆಯ್ತು.

1838ರಲ್ಲಿ ಲಂಡನ್‌ನ ಪಿಕಡಿಲಿಯಲ್ಲಿದ್ದ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ ಶುರುವಾಯ್ತು. ಟಿಕೆಟ್ ಒಂದು ಶಿಲಿಂಗ್. ಸುಮಾರು 1 ಲಕ್ಷ ಜನ ಬಂದು ನೋಡಿದ್ರು. ಆಗ 20 ಶಿಲಿಂಗ್‌ಗೆ ಒಂದು ಪೌಂಡ್. ಅಂದ್ರೆ ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಸುಮಾರು 5,000 ಪೌಂಡ್. ಖರ್ಚು 3,000, ಆದಾಯ 5,000. ಪುಸ್ತಕದ ಲೆಕ್ಕದಲ್ಲಿ ಇದು ಲಾಭ. ಆದ್ರೆ ಹಾಲ್ ಬಾಡಿಗೆ, ದೀಪ, ಜಾಹೀರಾತು, ನಡೆಸೋರ ಪಾಲು ಅಂತ ಆ ದುಡ್ಡು ಎಲ್ಲೆಲ್ಲೋ ಹೋಯ್ತು. ತನಗೆ ಬರಬೇಕಾದದ್ದು ಬರಲೇ ಇಲ್ಲ ಅನ್ನೋದು ಸೈಬೋರ್ನ್ ಅಳಲು. ಸಾಲ ಹಾಗೇ ಉಳೀತು. ಟರ್ನೋವರ್ ಬೇರೆ, ಕೈಗೆ ಬರೋ ಕ್ಯಾಶ್ ಬೇರೆ ಅಂತ ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ರು.

ಬಲಗಡೆ ಮೂಲೆಯ ತಕರಾರು

ಈಗ ಅಸಲಿ ವಿಷಯ. ವಾಟರ್ಲೂನಲ್ಲಿ ವೆಲಿಂಗ್ಟನ್ ಬಳಿ ಇದ್ದದ್ದು ಸುಮಾರು 68,000 ಜನ. ಅದರಲ್ಲಿ ಬ್ರಿಟಿಷರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಉಳಿದವರು ಡಚ್ಚರು, ಬೆಲ್ಜಿಯನ್ನರು, ಬೇರೆ ಬೇರೆ ಜರ್ಮನ್ ರಾಜ್ಯಗಳವರು. ಎದುರಿಗೆ ನೆಪೋಲಿಯನ್ ಕಡೆ 70,000ಕ್ಕಿಂತ ಹೆಚ್ಚು. ಸಂಜೆ ಸುಮಾರು 4.30ರ ಹೊತ್ತಿಗೆ ಬ್ಲೂಷರ್ ಅನ್ನೋ ಮುದಿ ಸೇನಾಪತಿಯ ಪ್ರಷ್ಯನ್ ಸೈನ್ಯ ಫ್ರೆಂಚರ ಬಲಗಡೆಯಿಂದ ಬಂತು. ಪ್ಲಾನ್ಸೆನ್ವಾ ಅನ್ನೋ ಹಳ್ಳಿಯಲ್ಲಿ ಮನೆ ಮನೆಗೂ ಹೊಡೆದಾಟ ಆಯ್ತು. ನೆಪೋಲಿಯನ್ ವೆಲಿಂಗ್ಟನ್ ಮೇಲೆ ಬಿಡಬೇಕಿದ್ದ ಸೈನ್ಯದಲ್ಲಿ ಒಂದು ದೊಡ್ಡ ಭಾಗವನ್ನ ಆ ಕಡೆ ತಿರುಗಿಸಬೇಕಾಯ್ತು.

ಅಂದ ಮೇಲೆ 7 ಗಂಟೆಯ ಮಾಡೆಲ್‌ನಲ್ಲಿ ಬಲಗಡೆ ಮೂಲೆಯಲ್ಲಿ ಪ್ರಷ್ಯನ್ನರು ಇರಲೇಬೇಕು, ಅದೂ ದಂಡಿಯಾಗಿ. ಸೈಬೋರ್ನ್ ಬಳಿ ಬರ್ಲಿನ್‌ನಿಂದ ಬಂದ ಮಾಹಿತಿ ಇತ್ತು. ಅದರ ಪ್ರಕಾರ ಹತ್ತಾರು ಸಾವಿರ ಪ್ರಷ್ಯನ್ನರನ್ನ ಇಟ್ಟ.

ಇಟ್ಟ ಮೇಲೆ ಏನಾಯ್ತು? ಮೇಲಿಂದ ನೋಡಿದೋರಿಗೆ ಒಂದೇ ನೋಟದಲ್ಲಿ ಗೊತ್ತಾಗೋ ಹಾಗಾಯ್ತು, ಇಂಪೀರಿಯಲ್ ಗಾರ್ಡ್ ದಿಬ್ಬ ಹತ್ತೋ ಹೊತ್ತಿಗೆ ಅವರ ಬೆನ್ನ ಹಿಂದೆ ಇನ್ನೊಂದು ಸೈನ್ಯ ಆಗಲೇ ಬಂದುಬಿಟ್ಟಿದೆ ಅಂತ. ಗೆದ್ದದ್ದು ವೆಲಿಂಗ್ಟನ್ ಒಬ್ಬನೇನಾ ಅನ್ನೋ ಪ್ರಶ್ನೆಯನ್ನ ಮಾಡೆಲ್ ಬಾಯಿ ಬಿಡದೇ ಕೇಳ್ತಿತ್ತು. ವೆಲಿಂಗ್ಟನ್ ಆಪ್ತ, ಸೇನಾ ಕಚೇರಿಯ ಕಾರ್ಯದರ್ಶಿ ಲಾರ್ಡ್ ಫಿಟ್ಜ್‌ರಾಯ್ ಸಾಮರ್ಸೆಟ್, ವಾಟರ್ಲೂನಲ್ಲೇ ಬಲಗೈ ಕಳೆದುಕೊಂಡವನು. ಪ್ರಷ್ಯನ್ನರನ್ನ ಹೀಗೆ ಇಟ್ರೆ ನೋಡೋರಿಗೆ ತಪ್ಪು ಅಭಿಪ್ರಾಯ ಬರುತ್ತೆ ಅನ್ನೋದು ಅವನ ಕಡೆಯಿಂದ ಬಂದ ಆಕ್ಷೇಪ.

ಇದರಲ್ಲಿ ಒಂದು ತಮಾಷೆ ಇದೆ. ಯುದ್ಧದ ಮಾರನೇ ದಿನ, 1815ರ ಜೂನ್ 19ರಂದು ಬರೆದ ಅಧಿಕೃತ ವರದಿಯಲ್ಲಿ ಪ್ರಷ್ಯನ್ನರ ಸಹಾಯ ಸಮಯಕ್ಕೆ ಸರಿಯಾಗಿ ಬಂತು, ಅದರಿಂದಲೇ ಫಲ ಸಿಕ್ತು ಅಂತ ವೆಲಿಂಗ್ಟನ್ ತಾನೇ ಧಾರಾಳವಾಗಿ ಒಪ್ಪಿಕೊಂಡಿದ್ದ. ಕಾಗದದ ಮೇಲೆ ಅದು ಸೌಜನ್ಯದ ಮಾತು. 20 ವರ್ಷ ಬಿಟ್ಟು ಅದೇ ಮಾತು ಗೊಂಬೆಗಳಾಗಿ ಎದುರಿಗೆ ನಿಂತಾಗ ಬೇರೆ ಥರ ಕಾಣಿಸ್ತು.

ಸೈಬೋರ್ನ್ ಮೊದಲು ಜಗ್ಗಲಿಲ್ಲ. ಆದ್ರೆ ಸಾಲ ತಲೆ ಮೇಲಿದೆ, ಮಾಡೆಲನ್ನ ಸರ್ಕಾರ ಕೊಂಡುಕೊಂಡ್ರೆ ಉಳೀತೀನಿ ಅನ್ನೋ ಆಸೆ ಇದೆ, ಕೊಂಡುಕೊಳ್ಳೋ ಮಾತು ನಡೆಯಬೇಕಾದ್ರೆ ಇದೇ ದೊಡ್ಡ ಮನುಷ್ಯರ ಒಪ್ಪಿಗೆ ಬೇಕು. ಕೊನೆಗೆ ಪ್ರಷ್ಯನ್ ಗೊಂಬೆಗಳಲ್ಲಿ ದೊಡ್ಡ ಪಾಲನ್ನ ಕಿತ್ತು ತೆಗೆದ. ಒತ್ತಡಕ್ಕೆ ಬಗ್ಗಿದನಾ, ಹೊಸ ಮಾಹಿತಿ ನೋಡಿ ನಿಜವಾಗಿ ಮನಸ್ಸು ಬದಲಾಯಿಸಿದನಾ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡ್ತಾರೆ. ನನಗನ್ನಿಸೋದು, ಎರಡೂ ಇರಬಹುದು. ಕಂತು ಕಟ್ಟೋ ದಿನ ಹತ್ತಿರ ಬಂದಾಗ ನಮ್ಮ ಅಭಿಪ್ರಾಯಗಳು ತಾವಾಗೇ ಮೆತ್ತಗಾಗೋದನ್ನ ನಾವೆಲ್ಲ ನೋಡಿದೀವಿ, ಅಲ್ವಾ?

ಅಷ್ಟು ಮಾಡಿದ್ರೂ ಸರ್ಕಾರ ಕೊಂಡುಕೊಳ್ಳಲಿಲ್ಲ. ಅವನು ಆಮೇಲೂ ಸುಮ್ಮನಿರಲಿಲ್ಲ. ಅದೇ ದಿನ ಮಧ್ಯಾಹ್ನದ ಕುದುರೆ ದಾಳಿಯನ್ನ ಇನ್ನೂ ದೊಡ್ಡ ಅಳತೆಯಲ್ಲಿ ತೋರಿಸೋ ಎರಡನೇ ಮಾಡೆಲ್ ಕಟ್ಟಿದ. 1844ರಲ್ಲಿ ಯುದ್ಧದ ಇತಿಹಾಸವನ್ನ ಪುಸ್ತಕವಾಗಿ ತಂದ. ಅದರಲ್ಲಿ ಪ್ಲಾನ್ಸೆನ್ವಾ ಹೋರಾಟವನ್ನ ವಿವರವಾಗಿ ಹೇಳಿದಾನೆ. ಮೇಜಿನ ಮೇಲೆ ತೆಗೆದವರಿಗೆ ಪುಟಗಳಲ್ಲಿ ಜಾಗ ಸಿಕ್ತು. 1849ರಲ್ಲಿ, 51ನೇ ವಯಸ್ಸಿಗೆ ತೀರಿಕೊಂಡ. ಮಾಡೆಲ್‌ಗೆ ಹಾಕಿದ ದುಡ್ಡು ವಾಪಸ್ ಬರಲೇ ಇಲ್ಲ.

ಆದ್ರೆ ಅವನು ತರಿಸಿಕೊಂಡ ಆ ನೂರಾರು ಪತ್ರಗಳು ಉಳಿದವು. 1891ರಲ್ಲಿ ಅವನ ಮಗ ಅವುಗಳಲ್ಲಿ ಕೆಲವನ್ನ ಆರಿಸಿ ಪ್ರಕಟಿಸಿದ. ಪತ್ರಗಳು ಈಗ ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿವೆ. ವಾಟರ್ಲೂ ಬಗ್ಗೆ ಬರೆಯೋ ಯಾರೂ ಅವನ್ನ ಮುಟ್ಟದೆ ಮುಂದೆ ಹೋಗೋಕಾಗಲ್ಲ. ಗೊಂಬೆ ಎಲ್ಲಿಡಲಿ ಅಂತ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳೇ ಇತಿಹಾಸದ ದೊಡ್ಡ ಆಕರ ಆದವು. ದೊಡ್ಡ ಮಾಡೆಲ್ ಈಗ ಲಂಡನ್‌ನ ಚೆಲ್ಸಿಯಲ್ಲಿರೋ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ, ಎರಡನೇದು ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿದೆ.

ದರಿಯಾ ದೌಲತ್ ಗೋಡೆ

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಶುರುವಲ್ಲಿ ಮಾತು ಕೊಟ್ಟಿದ್ದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ವೆಲ್ಲೆಸ್ಲಿ, ಅಂದ್ರೆ ಮುಂದೆ ವೆಲಿಂಗ್ಟನ್ ಆದವನು, ಉಳಿದುಕೊಂಡದ್ದು ದರಿಯಾ ದೌಲತ್‌ನಲ್ಲಿ. ನೀವು ಸ್ಕೂಲ್ ಟ್ರಿಪ್‌ಗೆ ಹೋಗಿದ್ರೆ ನೆನಪಿರುತ್ತೆ, ಅದರ ಪಶ್ಚಿಮದ ಗೋಡೆ ತುಂಬ ಯುದ್ಧದ ಚಿತ್ರ. 1780ರ ಪೊಲ್ಲಿಲೂರು ಯುದ್ಧ. ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷ್ ಕರ್ನಲ್ ಬೇಲಿಯ ಪಡೆಯನ್ನ ನುಚ್ಚುನೂರು ಮಾಡಿದ್ದು. ಅದೇ ಗೋಡೆಯಲ್ಲಿ ಹೈದರಾಬಾದಿನ ನಿಜಾಮನ ಸೈನ್ಯ ತಡವಾಗಿ ಬರೋದನ್ನ ಲೇವಡಿ ಮಾಡೋ ಭಾಗವೂ ಇದೆ. ತಡವಾಗಿ ಬಂದ ಸೈನ್ಯ!

ಯೋಚನೆ ಮಾಡಿ. ತನ್ನ ಕಡೆಯವರು ಸೋತ ಚಿತ್ರ ಇರೋ ಗೋಡೆಯ ಮನೆಯಲ್ಲಿ ಈ ಮನುಷ್ಯ ವಾಸ ಮಾಡಿದಾನೆ. ಯುದ್ಧವನ್ನ ಚಿತ್ರವಾಗಿ ಇಡೋರು ಯಾರನ್ನ ದೊಡ್ಡದಾಗಿ, ಯಾರನ್ನ ಮೂಲೆಯಲ್ಲಿ, ಯಾರನ್ನ ನಗೆಪಾಟಲಾಗಿ ಇಡ್ತಾರೆ ಅನ್ನೋದನ್ನ ಅವನು ದಿನಾ ನೋಡಿದಾನೆ. 1800ರಲ್ಲಿ ಲಂಡನ್‌ನಲ್ಲಿ ಶ್ರೀರಂಗಪಟ್ಟಣದ ಮೇಲಿನ ದಾಳಿಯನ್ನೇ ಸುಮಾರು 120 ಅಡಿ ಉದ್ದದ ಚಿತ್ರವಾಗಿ ರಾಬರ್ಟ್ ಕೆರ್ ಪೋರ್ಟರ್ ಬರೆದ, ಜನ ದುಡ್ಡು ಕೊಟ್ಟು ನೋಡಿದ್ರು. ಅಲ್ಲಿ ಗೆದ್ದವರು ಯಾರು, ಸೋತವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಟಿಪ್ಪು ತನ್ನ ಗೋಡೆ ಬರೆಸಿದ, ಲಂಡನ್ ತನ್ನ ಚಿತ್ರ ಬರೆಸಿತು. ಸೈಬೋರ್ನ್ ಮಾತ್ರ ಎರಡೂ ಕಡೆಯವರನ್ನ ಕೇಳಿ, ಅಳತೆ ಹಿಡಿದು ಇಡೋಕೆ ಹೋದ. ಕೊನೆಗೆ ಅವನ ಕೈಯೂ ನಡುಗ್ತು.

ನೀವು ಮನೆಯಲ್ಲಿ ಡಯೋರಮಾ ಮಾಡೋರಾದ್ರೆ, 1971ರ ಲಾಂಗೇವಾಲಾ ಇರಲಿ, ಕಾರ್ಗಿಲ್ ಇರಲಿ, ಟ್ಯಾಂಕಿಗೆ ತುಕ್ಕಿನ ಬಣ್ಣ ಹಚ್ಚೋಕೆ ಎಷ್ಟು ಹೊತ್ತು ಕೊಡ್ತೀರೋ ಅದರಲ್ಲಿ ಸ್ವಲ್ಪ ಹೊತ್ತು ಇದಕ್ಕೂ ಕೊಡಿ: ಆ ಗಳಿಗೆಯಲ್ಲಿ ಅಲ್ಲಿ ಇನ್ನೂ ಯಾರಿದ್ರು? ಅಡುಗೆಯವನು, ಗಾಯಾಳು ಹೊರೋನು, ಎದುರಾಳಿ, ಊರಿನವರು. ಜಾಗ ಸಾಲದೆ ಬಿಟ್ರೆ ಪರವಾಗಿಲ್ಲ. ಬಿಟ್ಟಿದೀನಿ ಅಂತ ಬೇಸ್ ಪಕ್ಕದಲ್ಲಿ ಒಂದು ಚೀಟಿ ಬರೆದಿಡಿ.

ಮುಂದಿನ ಸಲ ಮೈಸೂರು ಕಡೆ ಹೋದಾಗ ದರಿಯಾ ದೌಲತ್‌ನಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲಿ. ಸೆಲ್ಫಿ ಆಮೇಲೆ. ಮೊದಲು ಗೋಡೆಯ ಮೂಲೆಗಳನ್ನ ನೋಡಿ, ಅಲ್ಲಿ ಯಾರಿದ್ದಾರೆ ಅಂತ.